ಗಾಳಿಯಲ್ಲಿ ನಿಂತ ಹುಡುಗನನ್ನು ಕಾದಿರಿಸಿದ್ದು

ಒಬ್ಬ ಮನುಷ್ಯನನ್ನು ಅವನಿಗೇ ತಿಳಿಯದ ಹಾಗೆ ನಮ್ಮವನನ್ನಾಗಿ ಮಾಡಿಕೊಳ್ಳುವುದು ಬಹಳ ಸುಲಭ. ಒಪ್ಪಂದ ಬೇಡ, ಸಹಿ ಬೇಡ, ಅವನ ಒಪ್ಪಿಗೆಯಂತೂ ಬೇಡವೇ ಬೇಡ. ಈ ವಿದ್ಯೆಯನ್ನು ನನಗೆ ಕಲಿಸಿದವನು ಒಬ್ಬ ಕೆನಡಾದವನು. ಅದನ್ನು ಸೌದಿಯ ಯಾನ್ಬುವಿನಲ್ಲಿ ಜಾರಿಗೆ ತಂದವನು ನಾನು. ಫಲ ಉಂಡವನೂ ನಾನೇ. ಕೆನಡಾದವನು ಆರಾಮಾಗಿದ್ದಾನೆ.

ಅವನ ಹೆಸರು ಡಗ್. ನಾನು ಕೆಲಸ ಮಾಡುವ ರಿಫೈನರಿಗೆ ವೆಲ್ಡಿಂಗ್ ತಪಾಸಣೆಗೆಂದು ಬಂದವನು. ಒಂದು ದಿನ ಚಹಾದ ಹೊತ್ತಿನಲ್ಲಿ ಮೊಬೈಲ್ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಯಾರಾದರೂ ಕಾರಣವಿಲ್ಲದೆ ನಕ್ಕರೆ ನನಗೆ ಚಿಂತೆಯಾಗುತ್ತದೆ. ಏನೆಂದು ಕೇಳಿದೆ.

"ನಮ್ಮೂರಿನ ತಂಡ ಈ ಹುಡುಗನನ್ನು ಲಿಸ್ಟಿಗೆ ಹಾಕಿದೆ," ಎಂದು ಚಿತ್ರ ತೋರಿಸಿದ.

ಹುಡುಗ ಅಮೆರಿಕದ ಯಾವುದೋ ಕಾಲೇಜಿನವನು. ತಲೆಗೆ ಹೆಲ್ಮೆಟ್, ಕಂಕುಳಲ್ಲಿ ಮೊಟ್ಟೆಯಾಕಾರದ ಚೆಂಡು. ಅದನ್ನು ಅವರು ಫುಟ್‌ಬಾಲ್ ಎನ್ನುತ್ತಾರೆ. ಓಡಿ ತಪ್ಪಿಸಿಕೊಳ್ಳುವುದನ್ನು ಬಿಟ್ಟರೆ ಕಾಲಿಗೆ ಅದರಲ್ಲಿ ಹೆಚ್ಚು ಕೆಲಸ ಇದ್ದಂತೆ ಕಾಣಲಿಲ್ಲ.

"ನಿಮ್ಮ ತಂಡಕ್ಕೆ ಬರುತ್ತಾನಾ?" ಎಂದೆ.

"ಗೊತ್ತಿಲ್ಲ."

"ಅವನ ಹತ್ತಿರ ಮಾತಾಡಿದ್ದಾರಾ?"

"ಇಲ್ಲ."

"ಹೆಸರು ಹಾಕಿದ್ದು ಅವನಿಗೆ ಗೊತ್ತಿದೆಯಾ?"

"ಬಹುಶಃ ಇಲ್ಲ," ಎಂದು ಡಗ್ ಇನ್ನಷ್ಟು ಸಂತೋಷದಿಂದ ಹೇಳಿದ.

ಆಮೇಲೆ ವಿವರಿಸಿದ. ಕೆನಡಾದ ಪ್ರತಿ ತಂಡಕ್ಕೂ ನಲವತ್ತೈದು ಹೆಸರುಗಳ ಒಂದು ಪಟ್ಟಿ ಇರುತ್ತದಂತೆ. ಅಮೆರಿಕದ ಕಾಲೇಜುಗಳಲ್ಲಿ ಆಡುವ ಹುಡುಗರ ಹೆಸರನ್ನು ಯಾರು ಮೊದಲು ಬರೆದುಕೊಳ್ಳುತ್ತಾರೋ ಅವರಿಗೆ ಹಕ್ಕು. ಬೇರೆ ಯಾವ ಕೆನಡಾ ತಂಡವೂ ಆಮೇಲೆ ಅವನೊಡನೆ ಮಾತುಕತೆಗೆ ಹೋಗುವಂತಿಲ್ಲ. ಬೇಡವೆನಿಸಿದರೆ ಅಳಿಸಿ ಇನ್ನೊಬ್ಬನನ್ನು ಬರೆಯಬಹುದು. ಹುಡುಗನೇ ಎದ್ದು "ನನಗೇನು ಕೊಡುತ್ತೀರಿ?" ಎಂದು ಕೇಳಿದರೆ ಮಾತ್ರ ಹತ್ತು ದಿನದೊಳಗೆ ತಂಡ ಏನಾದರೂ ಹೇಳಲೇಬೇಕು. ಇಲ್ಲವಾದರೆ ಹಕ್ಕು ಹೋಯಿತು. ಆದರೆ ಹೆಚ್ಚಿನ ಹುಡುಗರ ಕಣ್ಣು ಅಮೆರಿಕದ ದೊಡ್ಡ ಲೀಗಿನ ಮೇಲೆ. ಇತ್ತ ತಿರುಗಿಯೂ ನೋಡುವುದಿಲ್ಲ.

"ಬಾರದವನ ಹೆಸರು ಇಟ್ಟುಕೊಂಡು ಏನು ಮಾಡುತ್ತೀರಿ?" ಎಂದು ಕೇಳಿದೆ.

ಡಗ್ ಕಿಟಕಿಯಾಚೆ ಬಿಸಿಲಿನಲ್ಲಿ ನಡುಗುತ್ತಿದ್ದ ಪೈಪುಗಳನ್ನು ನೋಡಿದ. "ನಮ್ಮಲ್ಲಿ ಚಳಿಗಾಲ ಬಹಳ ಉದ್ದ ವಾಸು. ಯೋಚಿಸುತ್ತ ಕೂರಲು ಏನಾದರೂ ಬೇಕಲ್ಲ."

ಆ ಮಾತು ನನ್ನ ಒಳಗೆ ಎಲ್ಲಿಗೋ ಹೋಗಿ ಕುಳಿತುಬಿಟ್ಟಿತು. ಎರಡು ದಶಕದಿಂದ ನಾನು ಈ ದೇಶದಲ್ಲಿ ಒಬ್ಬ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಜಾಮೀನುದಾರನ, ಹೆಸರಿನಡಿಯಲ್ಲಿ ಬದುಕಿದವನು. ನನ್ನ ವಾಸದ ಪರವಾನಗಿ ಇಕಾಮಾ ಅವನದು, ಕೆಲಸ ಅವನದು, ಊರಿಗೆ ಹೋಗುವ ರಜೆಯೂ ಅವನ ಕೃಪೆ. ಈಗ ನಾನೂ ಒಬ್ಬನಿಗೆ ಕಫೀಲನಾಗಬಹುದು! ಅದೂ ಅವನ ವಿಮಾನದ ಟಿಕೆಟಿನ ಚಿಂತೆಯಿಲ್ಲದೆ! ಸಂಜೆ ಮನೆಗೆ ಹೋಗುವಾಗ ಬಸ್ಸು ನೆಲದಿಂದ ಒಂದು ಗೇಣು ಮೇಲೆ ಹೋಗುತ್ತಿದ್ದಂತೆ ಅನಿಸಿತು.

ನಮ್ಮ ವಾಲಿಬಾಲಿನ ಪರಿಸ್ಥಿತಿಯನ್ನು ಈಗ ಹೇಳಬೇಕು. ಯಾನ್ಬುವಿನಲ್ಲಿರುವ ನಮ್ಮ ಕರಾವಳಿಯವರಲ್ಲಿ ಎರಡು ತಂಡಗಳಿವೆ. ಒಂದು ಹಮೀದಾಕನದ್ದು. ಇನ್ನೊಂದು ಸೋಲುವುದು. ಎರಡನೆಯದಕ್ಕೆ ನಾನು ಮ್ಯಾನೇಜರ್.

ಹಮೀದಾಕ ನನಗಿಂತ ಹಿರಿಯರು. ಬಂದರಿನ ಹತ್ತಿರ ಅವರದೊಂದು ಬಕಾಲ, ಅಂದರೆ ದಿನಸಿ ಅಂಗಡಿ. ಮಂಗಳೂರು, ಉಡುಪಿ ಕಡೆಯಿಂದ ಯಾವ ಹೊಸಬ ಬಂದಿಳಿದರೂ ಅವನು ತನ್ನ ಮಂಚವನ್ನು ನೋಡುವ ಮೊದಲೇ ಹಮೀದಾಕನ ಬಿರಿಯಾನಿಯನ್ನು ನೋಡಿರುತ್ತಾನೆ. ತಿಂದ ಮೇಲೆ ಯಾವ ಬಾಯಲ್ಲಿ ಬೇರೆ ತಂಡಕ್ಕೆ ಆಡುತ್ತೇನೆ ಎನ್ನುವುದು? ಹೊಟ್ಟೆ ಸರಿಯಿಲ್ಲದೆ ಬಂದವರು ಮಾತ್ರ ನಮಗೆ ಸಿಗುತ್ತಿದ್ದರು.

ಹೀಗೆ ಸಿಕ್ಕಿದ ಆರು ಜನರನ್ನು ಕಟ್ಟಿಕೊಂಡು ನಾನು ವರ್ಷವರ್ಷವೂ ಸೋಲುತ್ತಿದ್ದೆ. ಮ್ಯಾನೇಜರನಾಗಿ ನನ್ನ ಕರ್ತವ್ಯದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಗೆರೆಯ ಪಕ್ಕದಲ್ಲಿ ನಿಂತು, ಚೆಂಡು ನಮ್ಮ ಕಡೆ ಬಂದಾಗಲೆಲ್ಲ "ಜಾಗ್ರತೆ! ಜಾಗ್ರತೆ!" ಎಂದು ಎಚ್ಚರಿಸುತ್ತಿದ್ದೆ. ಚೆಂಡು ಹೋದ ಮೇಲೂ ಎಚ್ಚರಿಸುತ್ತಿದ್ದೆ.

ಈ ಸಲ ಚಳಿಗಾಲದ ಪಂದ್ಯಕ್ಕೆ ಮುಂಚೆ ಹಮೀದಾಕ ಒಂದು ಮಾತು ಎಸೆದಿದ್ದರು. "ವಾಸು, ಈ ಸಲವೂ ಸೋತ್ರೆ ನಿಮ್ಮ ತಂಡ ಎಂತಕ್ಕೆ ಮಾರಾಯ? ಮುಚ್ಚಿಬಿಡುವ. ಎಲ್ಲರೂ ನಮ್ಮಲ್ಲೇ ಆಡ್ಲಿ."

ಎಲ್ಲರ ಎದುರಿಗೆ ಹೇಳಿದ್ದರು. ನಾನೂ ಎಲ್ಲರ ಎದುರಿಗೆ "ಆಯ್ತು, ನಾವು ಗೆದ್ರೆ ಮತ್ತೆ ಮುಚ್ಚುವ ಮಾತು ಎತ್ತಬಾರ್ದು" ಎಂದುಬಿಟ್ಟಿದ್ದೆ. ಶುಕ್ರವಾರದ ಸಂಜೆಯ ಆ ತಂಡವನ್ನು ಬಿಟ್ಟರೆ ನನ್ನ ಹೆಸರಿನ ಮುಂದೆ ಮ್ಯಾನೇಜರ್ ಎಂದು ಬರೆಯುವ ಸ್ಥಳ ಭೂಮಿಯ ಮೇಲೆ ಬೇರೆ ಇರಲಿಲ್ಲ.

ಆದ್ದರಿಂದ ಕೆನಡಾದ ಕಾನೂನನ್ನು ನಾನು ಹಮೀದಾಕನ ಅಂಗಡಿಯಲ್ಲಿ, ಅಕ್ಕಿ ಮೂಟೆಗಳ ನಡುವೆ ನಿಂತು, ಗಂಭೀರವಾಗಿ ಓದಿದೆ. "ಪ್ರತಿ ತಂಡವೂ ಹದಿನೈದು ಹೆಸರುಗಳ ಪಟ್ಟಿಯನ್ನು ಹೊಂದತಕ್ಕದ್ದು. ಒಂದು ತಂಡದ ಪಟ್ಟಿಯಲ್ಲಿರುವ ಆಟಗಾರನೊಂದಿಗೆ ಇನ್ನೊಂದು ತಂಡದ ಮ್ಯಾನೇಜರನು ಯಾವುದೇ ರೀತಿಯಲ್ಲಿ ಮಾತನಾಡತಕ್ಕದ್ದಲ್ಲ. ಊಟ ಹಾಕತಕ್ಕದ್ದಲ್ಲ."

ಕೊನೆಯ ವಾಕ್ಯ ಕೆನಡಾದಲ್ಲಿಲ್ಲ. ನಾನು ಸೇರಿಸಿದ್ದು.

ಹಮೀದಾಕ ಬೇಳೆ ತೂಗುತ್ತ ಕೇಳಿಸಿಕೊಂಡರು. "ಯಾರ ಹೆಸರು ಬೇಕಾದ್ರೂ ಬರೀಬಹುದಾ?"

"ಯಾರದ್ದು ಬೇಕಾದ್ರೂ. ಮೊದಲು ಬರ್ದವರದ್ದು ಹಕ್ಕು."

"ಅವರನ್ನು ಕೇಳ್ಲಿಕ್ಕೆ ಇಲ್ಲ?"

"ಇಲ್ಲ."

"ಒಳ್ಳೆ ಕಾನೂನು ಮಾರಾಯ," ಎಂದು ಹಮೀದಾಕ ತಕ್ಕಡಿ ಇಳಿಸಿದರು. "ಯಲ್ಲಾ, ಬರ್ಕೊ."

ಅಷ್ಟು ಬೇಗ ಒಪ್ಪಿದಾಗಲೇ ನಾನು ಚಿಂತಿಸಬೇಕಿತ್ತು. ಎಲ್ಲದಕ್ಕೂ ಚಿಂತಿಸುವವನು ಅಂದು ಒಂದು ದಿನ ರಜೆ ಹಾಕಿದ್ದೆ!

ನನ್ನ ಮನಸ್ಸು ಬೇರೆ ಕಡೆ ಇತ್ತು. ಹೆಂಡತಿ ವಾರಿಜಳ ಚಿಕ್ಕಪ್ಪನ ಮಗ ಉಡುಪಿಯಿಂದ ಒಂದು ವೀಡಿಯೋ ಕಳಿಸಿದ್ದ. ಕಾಲೇಜಿನ ವಾಲಿಬಾಲ್ ಪಂದ್ಯ. ಪ್ರಜ್ವಲ್ ಎಂಬ ಹುಡುಗ ಸ್ಮ್ಯಾಶ್ ಹೊಡೆಯಲು ಹಾರುತ್ತಾನೆ. ಹಾರುತ್ತಾನೆ ಎಂದರೆ ಸಾಲದು. ಹೋಗಿ ಅಲ್ಲಿಯೇ ನಿಲ್ಲುತ್ತಾನೆ. ಕೈ ಹಿಂದಕ್ಕೆ ಬಾಗಿದೆ, ಎದೆ ಮುಂದಕ್ಕೆ ಬಂದಿದೆ, ಕೂದಲು ಮಾತ್ರ ಮೆಲ್ಲಗೆ ಅಲುಗುತ್ತಿದೆ. ಕೆಳಗೆ ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದಾರೆ. ಅಷ್ಟರಲ್ಲಿ ವೀಡಿಯೋ ಮುಗಿಯುತ್ತದೆ.

ಅವನನ್ನು ನಾನು ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದೆ. ಉಳಿದ ಹದಿನಾಲ್ಕು ಸಾಲಿಗೂ ಕಾಸರಗೋಡಿನಿಂದ ಕಾರವಾರದವರೆಗೆ ಹೀಗೆಯೇ ವೀಡಿಯೋಗಳಲ್ಲಿ ಗಾಳಿಯಲ್ಲಿದ್ದವರನ್ನೆಲ್ಲ ಆರಿಸಿ ತುಂಬಿಸಿದೆ. ನೆಲದ ಮೇಲೆ ನಿಂತವನು ಒಬ್ಬನೂ ಇರಲಿಲ್ಲ.

ಆ ದಿನಗಳು ಎಷ್ಟು ಚೆನ್ನಾಗಿದ್ದವು! ಸಂಜೆ ಕಡಲ ದಂಡೆಯಲ್ಲಿ ನಡೆಯುವಾಗ ಪ್ರಜ್ವಲ್ ನನ್ನ ಪಕ್ಕದಲ್ಲೇ ಇರುತ್ತಿದ್ದ. ಕೆಂಪು ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ, ದೂರದಲ್ಲಿ ರಿಫೈನರಿಯ ಬೆಂಕಿಯ ನಾಲಿಗೆ ಮಂಜಿನೊಳಗೆ ಹಣತೆಯ ಹಾಗೆ ಕಾಣುವ ಹೊತ್ತು. ನಾನು ಅವನಿಗೆ ನಮ್ಮ ಕೋರ್ಟಿನ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ವಿವರಿಸುತ್ತಿದ್ದೆ. ಅವನು ಎದುರು ಮಾತಾಡುತ್ತಿರಲಿಲ್ಲ. ಇಷ್ಟು ವಿಧೇಯ ಆಟಗಾರನನ್ನು ನಾನು ಕಂಡೇ ಇರಲಿಲ್ಲ.

ಆದರೆ ಕಫೀಲನಾದ ಮೇಲೆ ಜವಾಬ್ದಾರಿಯೂ ಬರುತ್ತದೆ. ಉಡುಪಿಯಲ್ಲಿ ಅಕಾಲ ಮಳೆ ಎಂದು ಸುದ್ದಿ ಬಂದ ಕೂಡಲೇ ಅವನು ನೆನೆದನೋ ಏನೋ ಎಂದು ಆತಂಕ. ಬೈಕಿನಲ್ಲಿ ಹೋಗುತ್ತಾನೋ, ಹೆಲ್ಮೆಟ್ ಹಾಕುತ್ತಾನೋ? ಮಂಡಿಗೆ ಎಣ್ಣೆ ಹಚ್ಚುವವರಿದ್ದಾರೋ? ವಿವಾಹ ನಿಶ್ಚಯವಾಗಿಬಿಟ್ಟರೆ ಗತಿಯೇನು? ಒಂದು ದಿನ ಊಟಕ್ಕೆ ಕುಳಿತವನು ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿಬಿಟ್ಟೆ.

"ಎಂತ ಆಯ್ತು ಮಾರಾಯ್ರೆ? ಸಾರು ಉಪ್ಪಾ?" ಎಂದಳು ವಾರಿಜ.

"ಅಲ್ಲ. ಪ್ರಜ್ವಲ್ ಸರಿಯಾಗಿ ಊಟ ಮಾಡ್ತಾನೋ ಇಲ್ವೋ."

"ಆ ಹುಡುಗನಿಗೆ ನೀವು ಒಬ್ಬರು ಇದ್ದೀರಿ ಅಂತ ಗೊತ್ತುಂಟಾ?"

"ಗೊತ್ತಿರಬೇಕಾಗಿಲ್ಲ. ಅದೇ ಕಾನೂನು."

"ನನಗೆ ಮದುವೆಗೆ ಮುಂಚೆ ಇಂಥ ಕಾನೂನು ಇದ್ದಿದ್ರೆ ಒಳ್ಳೇದಿತ್ತು," ಎಂದು ಅವಳು ಮೀನಿನ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ನಾನು ಜೆರ್ಸಿ ಹೊಲಿಸಿದೆ. ಬೆನ್ನ ಮೇಲೆ ಪ್ರಜ್ವಲ್ ಎಂಬ ಹೆಸರು, ಅದರ ಕೆಳಗೆ ದೊಡ್ಡದಾಗಿ ಒಂದರ ಅಂಕೆ. ಅದನ್ನು ಕಪಾಟಿನಲ್ಲಿ ನನ್ನ ಅಂಗಿಗಳ ಜೊತೆಗೆ ತೂಗುಹಾಕಿದೆ. ಫ್ಯಾನಿನ ಗಾಳಿಗೆ ಅದು ಮೆಲ್ಲಗೆ ಅಲುಗುತ್ತಿತ್ತು. ಅವನ ಕೂದಲಿನ ಹಾಗೆಯೇ.

ಪಂದ್ಯದ ಹಿಂದಿನ ದಿನ ಅಭ್ಯಾಸಕ್ಕೆ ಹೋದೆ. ಕ್ಯಾಂಪಿನ ಕೋರ್ಟಿನಲ್ಲಿ ನೆಟ್ ಇತ್ತು. ಕಂಬಗಳಿದ್ದವು. ಒಂದು ಬೆಕ್ಕು ಇತ್ತು. ನನ್ನ ಆರು ಜನರಲ್ಲಿ ಒಬ್ಬನೂ ಇರಲಿಲ್ಲ. ನಮ್ಮ ಲಿಫ್ಟರ್, ಅಂದರೆ ಸ್ಮ್ಯಾಶಿಗೆ ಚೆಂಡು ಎತ್ತಿಕೊಡುವ ಸದಾಶಿವನಿಗೆ ಫೋನು ಮಾಡಿದೆ.

"ವಾಸಣ್ಣ, ನೀವು ನಮ್ಮ ಹತ್ತಿರ ಮಾತಾಡುವ ಹಾಗಿಲ್ಲ," ಎಂದ ಅವನು ಪಿಸುದನಿಯಲ್ಲಿ.

"ಎಂತ ಮಾರಾಯ ಹಾಗೆಂದ್ರೆ?"

"ರೂಲ್ಸ್. ನೀವೇ ಮಾಡಿದ್ದಲ್ವಾ? ನಾವು ಆರೂ ಜನ ಹಮೀದಾಕನ ಲಿಸ್ಟಲ್ಲಿ ಇದ್ದೇವೆ. ನಿಮ್ಮ ಲಿಸ್ಟಲ್ಲಿ ನಮ್ಮ ಹೆಸರೇ ಇಲ್ವಂತೆ."

"ನೀವು ನಮ್ಮವರೇ ಅಲ್ವಾ! ಮನೆಯವರ ಹೆಸರನ್ನು ಯಾರಾದ್ರೂ ಬರ್ದಿಡ್ತಾರಾ?"

"ಹಮೀದಾಕ ಬರ್ದಿದ್ದಾರೆ. ನೀವು ಯಾರೋ ಪ್ರಜ್ವಲನನ್ನು ಬರ್ದದ್ದು ಕೇಳಿ ನಮಗೂ ಸ್ವಲ್ಪ ಬೇಜಾರಾಯ್ತು ವಾಸಣ್ಣ. ಇಡ್ತೇನೆ. ಫೈನ್ ಬಿದ್ರೆ ಕಷ್ಟ."

ಇಟ್ಟೇಬಿಟ್ಟ! ಬೆಕ್ಕು ನನ್ನನ್ನು ನೋಡಿತು. ಅದರ ಹೆಸರು ಯಾರ ಪಟ್ಟಿಯಲ್ಲಿತ್ತೋ.

ನೇರವಾಗಿ ಡಗ್‌ನ ಕೋಣೆಗೆ ಓಡಿ, ನಡೆದದ್ದನ್ನೆಲ್ಲ ಹೇಳಿದೆ. ಅವನು ಗಡ್ಡ ಕೆರೆದುಕೊಂಡ. "ಆದರೆ ವಾಸು, ನಮ್ಮಲ್ಲಿ ಈಗಾಗಲೇ ಆಡುತ್ತಿರುವವರಿಗೆ ಒಪ್ಪಂದ ಇರುತ್ತದೆ. ಅವರನ್ನು ಯಾರೂ ಪಟ್ಟಿಗೆ ಹಾಕುವಂತಿಲ್ಲ. ನಿನ್ನವರಿಗೂ ಒಪ್ಪಂದ ಇತ್ತಲ್ಲ?"

ನನ್ನವರಿಗೆ ಇದ್ದದ್ದು ನಾನು ಕೊಡಿಸುತ್ತಿದ್ದ ಸುಲೈಮಾನಿ ಚಹಾ ಮಾತ್ರ. ಕೆನಡಾದಿಂದ ನಾನು ಕಾನೂನಿನ ಮೇಲಿನ ಅರ್ಧವನ್ನಷ್ಟೇ ಆಮದು ಮಾಡಿಕೊಂಡಿದ್ದೆ!

ಮನೆಗೆ ಬಂದು ಹೇಳಿದಾಗ ವಾರಿಜ ಸೊಪ್ಪು ಬಿಡಿಸುತ್ತಿದ್ದಳು. "ಮನೆಯವರನ್ನು ಬರೀಲಿಕ್ಕೆ ಇಲ್ವಾ? ಹಾಗಾದ್ರೆ ನಾನೂ ಖಾಲಿಯೇ ಇದ್ದೇನೆ. ಹಮೀದಾಕನಿಗೆ ಹೇಳಿ. ಬಿರಿಯಾನಿ ನನಗೂ ಆಗ್ತದೆ."

ಉಳಿದಿದ್ದದ್ದು ಒಂದೇ ದಾರಿ. ನಂಬರು ತರಿಸಿಕೊಂಡು ಪ್ರಜ್ವಲನಿಗೆ ಫೋನು ಮಾಡಿದೆ. ನಾಳೆಗೆ ಅವನು ಬರಲಾರ ಎಂದು ತಿಳಿದಿತ್ತು. ಆದರೂ ಕಪಾಟಿನಲ್ಲಿ ಜೆರ್ಸಿ ಅಲುಗುತ್ತಿರುವಾಗ ಮನುಷ್ಯ ಏನನ್ನಾದರೂ ನಂಬುತ್ತಾನೆ.

"ಮಗಾ, ನಾನು ಸೌದಿಯಿಂದ ಮಾತಾಡೋದು. ನಿನ್ನ ಹೆಸರನ್ನು ನಾವು ಲಿಸ್ಟಿಗೆ ಹಾಕಿದ್ದೇವೆ."

ಆ ಕಡೆ ಅವನು ಕೂಗಿದ, "ಅಮ್ಮಾ! ಸೌದಿಯಲ್ಲಿ ಲಿಸ್ಟಲ್ಲಿ ಹೆಸರು ಬಂದಿದೆಯಂತೆ!"

ಫೋನು ಕೈ ಬದಲಾಯಿತು. "ಹಲೋ, ಯಾವ ಕಂಪೆನಿ? ವೀಸಾ ಯಾವಾಗ? ಊಟ, ರೂಮು ಅವರದ್ದೇ ಅಲ್ವಾ? ಇಕಾಮಾಕ್ಕೆ ಇವನ ಕೈಯಿಂದ ಎಂತ ಕೊಡ್ಲಿಕ್ಕಿಲ್ವಲ್ಲ?"

"ಅಕ್ಕ, ಕೆಲಸ ಅಲ್ಲ. ವಾಲಿಬಾಲ್."

"ವಾಲಿಬಾಲಿಗೆ ಸಂಬಳ ಎಷ್ಟು?"

"ಸಂಬಳ ಇಲ್ಲ. ಹಕ್ಕು ಮಾತ್ರ. ಅಂದ್ರೆ ಇವನ ಹತ್ತಿರ ಬೇರೆ ಯಾರೂ ಮಾತಾಡುವ ಹಾಗಿಲ್ಲ."

"ಬೇರೆ ಯಾರೂ ಮಾತಾಡುವ ಹಾಗಿಲ್ಲ ಅಂದ್ರೆ ಎಂತ! ಮುಂದಿನ ವಾರ ಇವನಿಗೆ ಬ್ಯಾಂಕಿನ ಇಂಟರ್‌ವ್ಯೂ ಉಂಟು. ಅವರು ಮಾತಾಡುವುದು ಬೇಡ್ವಾ? ನನ್ನ ಮಗನ ಹೆಸರು ನಿಮ್ಮ ಹತ್ತಿರ ಎಂತಕ್ಕೆ? ಅಳಿಸಿ! ಈಗಲೇ ಅಳಿಸಿ!"

ನಾನು ಅಳಿಸಿದೆ. ಅವರಿಗೆ ಕೇಳಿಸಲಿ ಎಂದು "ಅಳಿಸಿದೆ ಅಕ್ಕ" ಎಂದೂ ಹೇಳಿದೆ. ಕೊನೆಗೆ ಹುಡುಗನನ್ನು ಒಂದು ಮಾತು ಕೇಳುವ ಆಸೆ ತಡೆಯಲಾಗದೆ, ಫೋನನ್ನು ಅವನ ಕೈಗೆ ಕೊಡಿಸಿಕೊಂಡೆ.

"ಮಗಾ, ಆ ವೀಡಿಯೋದಲ್ಲಿ ನೀನು ಮೇಲೆ ಹಾರಿ ನಿಲ್ತೀಯಲ್ಲ, ಆಮೇಲೆ ಎಂತ ಆಯ್ತು?"

"ಅದಾ ಸರ್? ಬಾಲು ನೆಟ್ಟಿಗೆ ಹೋಯ್ತು. ನಾವು ಸೋತೆವು. ಅದಕ್ಕೇ ಅಲ್ಲಿಗೆ ಕಟ್ ಮಾಡಿದ್ದು."

ಶುಕ್ರವಾರ ಬಂತು. ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಜನ ಕೋರ್ಟಿನ ಸುತ್ತ ಚಾಪೆ ಹಾಸಿ ಕುಳಿತರು. ನೆಟ್ಟಿನ ಆ ಕಡೆ ಹಮೀದಾಕನ ಹನ್ನೆರಡು ಜನ. ಈ ಕಡೆ ನಾನು, ವಾರಿಜ ಮತ್ತು ಒಂದು ಪೊಟ್ಟಣ ನೆಲಗಡಲೆ. ನನ್ನ ತಂಡವನ್ನು ಮುಚ್ಚಲು ಸೋಲುವ ಅಗತ್ಯವೂ ಇರಲಿಲ್ಲ.

ಹಮೀದಾಕ ನಿಧಾನವಾಗಿ ನಡೆದು ಬಂದರು. "ಜನ ಬಂದಿದ್ದಾರೆ ವಾಸು, ಆಟ ನಿಲ್ಬಾರ್ದು. ನಿನ್ನ ಹಳೆಯ ಆರು ಜನರನ್ನು ಇವತ್ತೊಂದು ದಿನಕ್ಕೆ ಸಾಲ ಕೊಡ್ತೇನೆ. ಆದ್ರೆ ಅವರು ನನ್ನ ಲಿಸ್ಟಿನವರು. ಕಾನೂನಿನ ಪ್ರಕಾರ ನೀನು ಅವರ ಹತ್ತಿರ ಮಾತಾಡುವ ಹಾಗಿಲ್ಲ. ಒಂದು ಶಬ್ದ ಕೂಡ."

ಕಾನೂನು ನನ್ನದೇ. ಒಪ್ಪಿದೆ. ಕುರ್ಚಿಯ ಮೇಲೆ ಕುಳಿತೆ.

ಆಟ ಶುರುವಾಯಿತು. ಮೊದಲ ಚೆಂಡು ನಮ್ಮ ಕಡೆ ಬಂತು. "ಜಾ..." ಎನ್ನುವಷ್ಟರಲ್ಲಿ ವಾರಿಜ ನನ್ನ ಬಾಯಿಗೆ ನೆಲಗಡಲೆ ತುರುಕಿದಳು. ಎರಡನೆಯ ಚೆಂಡಿಗೂ ನೆಲಗಡಲೆ. ನಾನು ಅಗಿಯುತ್ತ ನೋಡುತ್ತಿದ್ದೆ. ನಿಜವಾಗಿ ಹೇಳಬೇಕೆಂದರೆ, ಅಷ್ಟು ವರ್ಷಗಳಲ್ಲಿ ನಾನು ಆಟ ನೋಡಿದ್ದು ಅದೇ ಮೊದಲು. ಕೂಗುವಾಗ ನನಗೆ ಕಣ್ಣು ಮುಚ್ಚುವ ಅಭ್ಯಾಸ.

ಹೊತ್ತು ಇಳಿಯುತ್ತಿತ್ತು. ಕಡಲಿನಿಂದ ತೇವದ ಗಾಳಿ ಬಂದು ದೀಪಗಳ ಸುತ್ತ ಹಾಲಿನಂಥ ಬಳೆ ಕಟ್ಟಿತ್ತು. ಸದಾಶಿವ ಚೆಂಡನ್ನು ಹೂವಿನ ಹಾಗೆ ಎತ್ತಿದ. ನಮ್ಮ ಅಶ್ರಫ್, ಎಸಿ ರಿಪೇರಿ ಮಾಡುವ ಗಿಡ್ಡ ಅಶ್ರಫ್, ಹಾರಿದ. ಹಾರಿ, ಆಣೆ ಮಾಡಿ ಹೇಳುತ್ತೇನೆ, ಅಲ್ಲಿಯೇ ನಿಂತ! ಕೈ ಹಿಂದಕ್ಕೆ ಬಾಗಿತ್ತು, ಎದೆ ಮುಂದಕ್ಕೆ ಬಂದಿತ್ತು. ಕೂದಲು ಅಲುಗಲಿಲ್ಲ, ಅವನಿಗೆ ಕೂದಲಿಲ್ಲ. ಇಲ್ಲಿ ಯಾರೂ ಕಟ್ ಮಾಡಲಿಲ್ಲ. ಚೆಂಡು ಆ ಕಡೆಯ ಮೂಲೆಯಲ್ಲಿ, ಗೆರೆಯ ಒಳಗೆ, ಧಪ್ಪೆಂದು ಬಿತ್ತು.

ನಾವು ಗೆದ್ದೆವು.

ನಾನು ಎದ್ದು ಓಡಿ ಅಶ್ರಫನನ್ನು ತಬ್ಬಿಕೊಳ್ಳಬೇಕೆಂದಿದ್ದವನು, ಅವನೊಡನೆ ಮಾತಾಡುವ ಹಾಗಿಲ್ಲವೆಂದು ನೆನಪಾಗಿ ದೂರದಿಂದಲೇ ಕೈ ಬೀಸಿದೆ. ಅವನೂ ಬೀಸಿದ. ಆಮೇಲೆ ಆರೂ ಜನ ಹಮೀದಾಕನ ಮುಖ ನೋಡಿದರು.

"ಮಾತು ಅಂದ್ರೆ ಮಾತು," ಎಂದರು ಹಮೀದಾಕ ಎಲ್ಲರಿಗೂ ಕೇಳುವಂತೆ. "ಆ ತಂಡ ಮುಚ್ಚುವುದಿಲ್ಲ. ಈ ಆರು ಜನರ ಹೆಸರನ್ನು ನನ್ನ ಲಿಸ್ಟಿನಿಂದ ಬಿಟ್ಟಿದ್ದೇನೆ. ಇವತ್ತಿನಿಂದ ಅವರ ತಂಡ ಅವರಿಗೆ."

ನನ್ನ ಕಣ್ಣು ತುಂಬಿ ಬಂತು. "ಹಮೀದಾಕ, ನಿಮ್ಮ ಉಪಕಾರ ಮರೆಯುವುದಿಲ್ಲ. ಮುಂದಿನ ಶುಕ್ರವಾರದಿಂದ ನಾನು ಮತ್ತೆ ಅಭ್ಯಾಸ..."

"ನಿಲ್ಲು ಮಾರಾಯ. ನಿನ್ನನ್ನು ಯಾರು ಬಿಟ್ಟದ್ದು?"

"ನನ್ನನ್ನಾ?"

"ನನ್ನ ಲಿಸ್ಟಲ್ಲಿ ಮೊದಲ ಹೆಸರು ನಿನ್ನದು. ನೀನು ಕಾನೂನು ಓದಿ ಅಂಗಡಿಯಿಂದ ಹೊರಗೆ ಇಳಿಯುವ ಮೊದಲೇ ಬರ್ದದ್ದು."

ಕಾಲೇಜಿನಲ್ಲಿ ನಾನೂ ಎರಡು ಪಂದ್ಯ ಆಡಿದವನು. ಈ ಮನುಷ್ಯ ಎಲ್ಲಿಂದಲೋ ಅದನ್ನು ತಿಳಿದುಕೊಂಡು, ಇಷ್ಟು ದಿನ ಗುಟ್ಟಾಗಿ, ನನಗೇ ತಿಳಿಯದ ಹಾಗೆ, ಎಲ್ಲರಿಗಿಂತ ಮೊದಲು ನನ್ನನ್ನೇ! ಒಂದು ಕ್ಷಣ ನಾನೂ ನೆಲದಿಂದ ಮೇಲಕ್ಕೆ ಹೋಗಿ ದೀಪದ ಬೆಳಕಿನಲ್ಲಿ ನಿಂತೆ.

"ನನ್ನ ಆಟ ನೋಡಿದ್ರಾ ಹಮೀದಾಕ?"

"ನಿನ್ನ ಬೊಬ್ಬೆ ಕೇಳಿದ್ದೇನೆ," ಎಂದರು ಹಮೀದಾಕ. "ವರ್ಷವರ್ಷ ಅವರು ಸೋತದ್ದು ನಮ್ಮ ಆಟಕ್ಕಲ್ಲ ಮಾರಾಯ, ನಿನ್ನ ಜಾಗ್ರತೆಗೆ. ಸುಲಭದಲ್ಲಿ ಗೆದ್ದು ಗೆದ್ದು ನಮ್ಮವರಿಗೆ ಆಟವೇ ಬೇಡ ಆಗಿತ್ತು. ನಿನ್ನನ್ನು ಅವರಿಗೆ ವಾಪಸ್ಸು ಕೊಟ್ರೆ ಮುಂದಿನ ವರ್ಷ ಮತ್ತೆ ಅದೇ ಕಥೆ."

ಸದಾಶಿವ ತಲೆ ತಗ್ಗಿಸಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅದು ಆಗಲೇ ಕಟ್ಟಿತ್ತು. ವಾರಿಜ ನೆಲಗಡಲೆಯ ಸಿಪ್ಪೆ ಊದುತ್ತಿದ್ದಳು.

ಆದರೂ ನಾನು ಕಾನೂನು ತಿಳಿದವನು. ಗಂಟಲು ಸರಿಮಾಡಿಕೊಂಡು ಹೇಳಿದೆ, "ಪಟ್ಟಿಯಲ್ಲಿರುವವನು ತಾನಾಗಿ ಕೇಳಿದರೆ ತಂಡ ಏನಾದರೂ ಕೊಡಲೇಬೇಕು. ಕೊಡದಿದ್ದರೆ ಹಕ್ಕು ಹೋಗ್ತದೆ. ನನಗೇನು ಕೊಡ್ತೀರಿ?"

"ಬಿರಿಯಾನಿ."

"ಕೆಲಸ?"

"ಅದರ ಹತ್ತಿರ ನಿಲ್ಲುವುದು. ಕೋರ್ಟಿನಿಂದ ದೂರ."

ವಾರಿಜಳನ್ನು ನೋಡಿದೆ. "ಒಪ್ಪಿಕೊಳ್ಳಿ," ಎಂದಳು ಅವಳು, "ಇದಕ್ಕಿಂತ ಒಳ್ಳೆಯದು ಬರ್ಲಿಕ್ಕಿಲ್ಲ."

ಹೀಗಾಗಿ ಈಗ ಶುಕ್ರವಾರದ ಸಂಜೆ ನಾನು ಕೋರ್ಟಿಗೆ ಬೆನ್ನು ಹಾಕಿ, ಬಿರಿಯಾನಿಯ ದೊಡ್ಡ ಪಾತ್ರೆಯ ಪಕ್ಕದಲ್ಲಿ ನಿಲ್ಲುತ್ತೇನೆ. ಬಿಸಿ ಹಿಡಿಕೆಗೆ ಬಟ್ಟೆ ಬೇಕಲ್ಲ, ಅದಕ್ಕೆ ಪ್ರಜ್ವಲನ ಜೆರ್ಸಿ ಬಹಳ ಅನುಕೂಲವಾಗಿದೆ. ಯಾರಾದರೂ ಮುಚ್ಚಳ ತೆಗೆಯಲು ಬಂದರೆ ಮೆಲ್ಲಗೆ "ಜಾಗ್ರತೆ!" ಎನ್ನುತ್ತೇನೆ. ಅಷ್ಟು ದೂರಕ್ಕೆ ಅದು ಕೇಳಿಸುವುದಿಲ್ಲ.

ನನ್ನ ತಂಡ ಗೆಲ್ಲುತ್ತಿದೆ.